ದೀರ್ಘಕಾಲದ ಶ್ವಾಸಕೋಶ ರೋಗ: ರೋಗಿಗೆ ತಕ್ಕ ಇನ್‌ಹೇಲರ್

ಮಾನ್ಯ ಗ್ರಾಮ ಪಂಚಾಯಿತಿ ಸದಸ್ಯರೇ,

ಹಿರಿಯೂರು ತಾಲ್ಲೂಕಿನ ಐಮಂಗಲ ಹೋಬಳಿಯೂ ಸೇರಿದಂತೆ ನಮ್ಮ ಗ್ರಾಮಗಳಲ್ಲಿ ಬಿಡದ ಕೆಮ್ಮು, ಕಫ ಹಾಗೂ ದಮ್ಮನ್ನು ಮುಪ್ಪಿನ ಸಹಜ ಲಕ್ಷಣವೆಂದು ಭಾವಿಸುವವರಿದ್ದಾರೆ. ಇವು ಸಿ.ಓ.ಪಿ.ಡಿ. ಎಂಬ ರೋಗದ ಲಕ್ಷಣಗಳಾಗಿರಬಹುದು. ಈ ರೋಗದಲ್ಲಿ ಶ್ವಾಸನಾಳಗಳು ಕಿರಿದಾಗಿ, ಉಸಿರು ಹೊರಹೋಗುವುದು ಕಷ್ಟವಾಗುತ್ತದೆ. ಬೀಡಿ, ಸಿಗರೇಟುಗಳಷ್ಟೇ ಅಲ್ಲದೆ ಸೌದೆ ಒಲೆಯ ಹೊಗೆ ಹಾಗೂ ಗಣಿ, ಕ್ವಾರಿಗಳ ಧೂಳು ಸಹ ಇದಕ್ಕೆ ಕಾರಣ.

ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವು ಒಂದು ಸರಳ ಲೆಕ್ಕವನ್ನು ನೀಡಿದೆ. ಹೊಗೆಯ ಒಲೆಯ ಮುಂದೆ ದಿನಕ್ಕೆ ಕಳೆಯುವ ಗಂಟೆಗಳನ್ನು ವರ್ಷಗಳಿಂದ ಗುಣಿಸಿದಾಗ 60 ಅಥವಾ ಹೆಚ್ಚು ಬಂದರೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಹೆಚ್ಚು. ದಿನಕ್ಕೆ 3 ಗಂಟೆಯಂತೆ 20 ವರ್ಷ ಅಡುಗೆ ಮಾಡಿದ ಮಹಿಳೆಯು ಈ ಮಿತಿಯನ್ನು ಮುಟ್ಟಿರುತ್ತಾರೆ.

ಇನ್‌ಹೇಲರ್ ಚಟ ಹಿಡಿಸುತ್ತದೆ ಎಂಬುದು ತಪ್ಪು ನಂಬಿಕೆ. ಔಷಧವು ನೇರವಾಗಿ ಶ್ವಾಸನಾಳವನ್ನು ತಲುಪುವುದರಿಂದ ಅಲ್ಪ ಪ್ರಮಾಣವೇ ಸಾಕು. ಆದರೆ ಸಾಧನವು ರೋಗಿಗೆ ಹೊಂದದಿದ್ದರೆ ಔಷಧವು ಬಾಯಿ, ಗಂಟಲಲ್ಲೇ ಉಳಿಯುತ್ತದೆ. ರೋಗಿಯು ಔಷಧವೇ ನಿಷ್ಫಲವೆಂದು ತಿಳಿದು ಅದನ್ನು ಕೈಬಿಡುತ್ತಾರೆ.

1. ಒತ್ತುವ ಪಂಪು: ಒತ್ತಿದ ಕ್ಷಣವೇ ನಿಧಾನವಾಗಿ, ಆಳವಾಗಿ ಉಸಿರೆಳೆಯಬೇಕು. ಕೈ ಮತ್ತು ಉಸಿರಿನ ಹೊಂದಾಣಿಕೆ ಇರುವವರಿಗೆ ಇದು ಸೂಕ್ತ.

2. ಸ್ಪೇಸರ್ ಸಹಿತ ಪಂಪು: ಈ ಹೊಂದಾಣಿಕೆ ಸಾಧ್ಯವಾಗದ ವೃದ್ಧರಿಗೆ ಉಪಯುಕ್ತ. ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸದೆ, ಗಾಳಿಗೆ ಒಣಗಿಸಬೇಕು.

3. ಪುಡಿಯ ಇನ್‌ಹೇಲರ್: ಜೋರಾಗಿ, ವೇಗವಾಗಿ ಉಸಿರೆಳೆಯುವ ಶಕ್ತಿ ಬೇಕು. ತೀರಾ ನಿಶ್ಶಕ್ತರಿಗೆ ಇದು ಹೊಂದದು. ಕ್ಯಾಪ್ಸೂಲನ್ನು ನುಂಗಬಾರದು; ಸಾಧನದೊಳಗೆ ಉಸಿರು ಬಿಡಬಾರದು.

4. ನೆಬ್ಯುಲೈಜರ್: ಮೇಲಿನ ಯಾವುದನ್ನೂ ಬಳಸಲಾಗದವರಿಗೆ ವೈದ್ಯರ ಸಲಹೆಯಂತೆ.

ಮೊದಲ ಮೂರರಲ್ಲಿ ಔಷಧವನ್ನು ಎಳೆದುಕೊಂಡ ನಂತರ ಸುಮಾರು 10 ಸೆಕೆಂಡು, ಅಥವಾ ಸಾಧ್ಯವಾದಷ್ಟು ಕಾಲ, ಉಸಿರು ಹಿಡಿಯಬೇಕು. ಸ್ಟೀರಾಯ್ಡ್ ಔಷಧವಾದಲ್ಲಿ ಬಾಯಿ ಮುಕ್ಕಳಿಸಿ ಉಗುಳಬೇಕು. ಕೀಲುನೋವಿನಿಂದ ಬೆರಳು ಮಡಚಲಾಗದವರು, ದೃಷ್ಟಿ ಮಂದವಾದವರು ಅದನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು.

ಸಾಧನವನ್ನು ನಿರ್ಧರಿಸುವವರು ವೈದ್ಯರು. ಸದಸ್ಯರ ಕರ್ತವ್ಯಗಳು ಇಂತಿವೆ:

ಅ) ಆಶಾ ಕಾರ್ಯಕರ್ತೆಯರು 30 ವರ್ಷ ಮೇಲ್ಪಟ್ಟವರಿಗೆ ಭರ್ತಿ ಮಾಡುವ ನಮೂನೆಯಲ್ಲಿ ಉಸಿರಾಟದ ತೊಂದರೆ ಹಾಗೂ ಅಡುಗೆ ಇಂಧನದ ಪ್ರಶ್ನೆಗಳಿವೆ. ಯಾವ ಮನೆಯೂ ಬಿಟ್ಟುಹೋಗದಂತೆ ಸಹಕರಿಸುವುದು.

ಆ) ಶಂಕಿತರನ್ನು ಸ್ಪೈರೋಮೆಟ್ರಿ ಪರೀಕ್ಷೆಗೆ ಕಳುಹಿಸಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೋರುವುದು.

ಇ) ಇನ್‌ಹೇಲರ್ ಬಳಸುವವರು ಪ್ರತಿ ಭೇಟಿಯಲ್ಲೂ ಅದನ್ನು ಕೊಂಡೊಯ್ದು, ಬಳಸುವ ಕ್ರಮವನ್ನು ಆರೋಗ್ಯ ಸಿಬ್ಬಂದಿಯ ಮುಂದೆ ಮಾಡಿ ತೋರಿಸುವಂತೆ ತಿಳಿಹೇಳುವುದು.

ಈ) ಹೊಗೆರಹಿತ ಅಡುಗೆಯ ವಿಷಯವನ್ನು ಗ್ರಾಮಸಭೆಯಲ್ಲಿ ಚರ್ಚೆಗೆ ತರುವುದು.

ತುಟಿ ನೀಲಿಯಾದಲ್ಲಿ, ಒಂದು ವಾಕ್ಯ ನುಡಿಯಲೂ ಉಸಿರು ಸಾಲದಿದ್ದಲ್ಲಿ ತಡಮಾಡದೆ 108ಕ್ಕೆ ಕರೆ ಮಾಡತಕ್ಕದ್ದು.