ಯಂತ್ರದ ಬೆಲೆಯೂ ದೇಹದ ಬೆಲೆಯೂ

ನಮ್ಮ ತಾಳವಾಡಿ ಸೀಮೆಯಲ್ಲಿ ಬೆಳೆಗೆ ನುಗ್ಗಿದ ಆನೆಗಳನ್ನು ಓಡಿಸಲು ರಾತ್ರಿ ಪಟಾಕಿ ಸಿಡಿಸುವುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಸಮೀಪದಲ್ಲಿ ಸಿಡಿದಾಗ ಕಿವಿ ಗುಂಯ್‌ಗುಡುವುದೂ ಅನುಭವದ ಮಾತೇ. ಸೈನಿಕನಾದರೋ ಬಂದೂಕು, ಫಿರಂಗಿಗಳ ಬಳಿ ವರ್ಷಗಟ್ಟಲೆ ದುಡಿಯುವನು. ಬಂದೂಕಿನ ಸದ್ದು 140 ಡೆಸಿಬೆಲ್ಲನ್ನು ಮೀರುವುದು. ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ನಾಶವಾದರೆ ಮರಳಿ ಬೆಳೆಯಲಾರವು.

ಹಾಗಾದರೆ ಬಂದೂಕಿನ ನಿಜವಾದ ಬೆಲೆಯೆಷ್ಟು? ಕೊಂಡ ಬೆಲೆಯೊಂದೇ ಅಲ್ಲ. ಅದರಿಂದ ಕೆಡುವ ಆರೋಗ್ಯದ ವೆಚ್ಚವೂ ಅದರಲ್ಲಿ ಸೇರಬೇಕು. ಅಮೆರಿಕದ ಸೇನೆಯಲ್ಲಿ ಹೊಸ ಆಯುಧ, ವಾಹನಗಳ ಸದ್ದು, ಕಂಪನ, ವಿಷಾನಿಲ, ತಾಪಗಳಿಂದ ಒದಗಬಹುದಾದ ಅಪಾಯವನ್ನು ಮೊದಲೇ ಅಳೆಯುವ ಪದ್ಧತಿಯುಂಟು. ಚಿಕಿತ್ಸೆ, ಆಸ್ಪತ್ರೆವಾಸ, ಕೆಲಸ ತಪ್ಪಿದ ದಿನಗಳು, ಅಂಗವೈಕಲ್ಯದ ಪರಿಹಾರ ಇವೆಲ್ಲವನ್ನೂ ಹಣದಲ್ಲಿ ಎಣಿಸುವರು. ನಮ್ಮ ದೇಶದಲ್ಲಿಯೂ ಹಾರಾಟವು ವೈಮಾನಿಕರ ದೇಹದ ಮೇಲೆ ಮಾಡುವ ಪರಿಣಾಮಗಳನ್ನು ಅಭ್ಯಸಿಸುವ ವಾಯುಪಡೆಯ ವೈದ್ಯಕೀಯ ಸಂಸ್ಥೆಯು ಬೆಂಗಳೂರಿನಲ್ಲಿ 1957ರಿಂದ ಇದೆ.

ಲೆಕ್ಕದ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ. ಒಂದು ದಳದಲ್ಲಿ 200 ಮಂದಿ. ವರ್ಷಕ್ಕೆ ನೂರಕ್ಕೆ 5ರಂತೆ 10 ಮಂದಿಯ ಕಿವಿ ಕೆಡುವುದು. ಒಬ್ಬನಿಗೆ ತಗಲುವ ವೆಚ್ಚ 40,000 ರೂಪಾಯಿ. ವರ್ಷಕ್ಕೆ 4,00,000, ಹತ್ತು ವರ್ಷಕ್ಕೆ 40,00,000 ರೂಪಾಯಿ. ಇನ್ನು 1,500 ರೂಪಾಯಿಯ ಕಿವಿಗವಸನ್ನು ಎಲ್ಲರಿಗೂ ಎರಡು ವರ್ಷಕ್ಕೊಮ್ಮೆ ಕೊಟ್ಟರೆ ಹತ್ತು ವರ್ಷಕ್ಕೆ 15,00,000. ಆಗ ವರ್ಷಕ್ಕೆ 2 ಮಂದಿಗೆ ಮಾತ್ರ ಹಾನಿಯಾದರೆ 8,00,000. ಒಟ್ಟು 23,00,000; ಉಳಿತಾಯ 17,00,000 ರೂಪಾಯಿ.

ಆದರೆ ಕವಚವೇ ಸರಿಯಿಲ್ಲದಿದ್ದರೆ? ಅಮೆರಿಕದ ಸೈನಿಕರು ಧರಿಸಿದ ಕಿವಿಬಿರಡೆಗಳು ತಮ್ಮನ್ನು ರಕ್ಷಿಸಲಿಲ್ಲವೆಂದು ಎರಡು ಲಕ್ಷಕ್ಕೂ ಹೆಚ್ಚು ಮಂದಿ ದಾವೆ ಹೂಡಿದರು. ತಯಾರಕರಾದ ತ್ರೀಎಮ್ ಕಂಪನಿಯವರು ತಪ್ಪನ್ನು ಒಪ್ಪಿಕೊಳ್ಳದೆಯೇ 2023ರಲ್ಲಿ ಸುಮಾರು 600 ಕೋಟಿ ಡಾಲರುಗಳ ರಾಜಿಗೆ ಸಮ್ಮತಿಸಿದರು. ಮುಂಜಾಗ್ರತೆಯನ್ನು ಪರೀಕ್ಷಿಸಿ ನೋಡುವುದೂ ಲೆಕ್ಕದ ಒಂದು ಭಾಗವೇ.

ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆ. ಕೋಸಿನ ಹೊಲಕ್ಕೆ ಔಷಧಿ ಹೊಡೆಯುವಾಗ ಪಂಪಿನ ಬೆಲೆಯನ್ನು ನೋಡುವೆವು. ಮುಖಗವಸು, ಕೈಗವಸುಗಳ ಬೆಲೆಯನ್ನು ದಂಡವೆಂದು ಭಾವಿಸುವೆವು. ಆಸ್ಪತ್ರೆಗೆ ಹೋದ ದಿನಗಳ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕೂಡಿಸಿ ನೋಡಿದರೆ ದಂಡವಾವುದೆಂಬುದು ತಿಳಿಯುವುದು. ಮಕ್ಕಳೇ, ಈ ಲೆಕ್ಕವನ್ನು ಮನೆಯಲ್ಲಿ ಹಿರಿಯರೊಡನೆ ಕುಳಿತು ಮಾಡಿರಿ. ಪಟಾಕಿ ಸಿಡಿಯುವೆಡೆ ಹತ್ತಿರ ನಿಲ್ಲದಿರಿ. ಮಗುವಿನ ತೊದಲುನುಡಿಯನ್ನು ಕೇಳಲಾರದ ತಂದೆಯ ನಷ್ಟವನ್ನು ಬರೆಯಲು ಯಾವ ಲೆಕ್ಕದ ಪುಸ್ತಕದಲ್ಲಿಯೂ ಅಂಕಣವಿಲ್ಲ.