ದೇವರು ಕರೆದಾಗ ಓಗೊಡುವುದು ಹೇಗೆ? ಆಗಮನ ಕಾಲಕ್ಕೆ ಏಳು ಸೂತ್ರಗಳು

ಆಗಮನ ಕಾಲ ಶುರುವಾಯಿತೆಂದರೆ ಗುರುಗಳ ಪೂಜಾವಸ್ತ್ರ ನೇರಳೆಗೆ ತಿರುಗುತ್ತದೆ. ಮನೆಗಳಲ್ಲಿ ನಕ್ಷತ್ರ ಅಟ್ಟದಿಂದ ಇಳಿಯುತ್ತದೆ, ಗೋದಲಿಗೆಂದು ಹಳೇ ಡಬ್ಬಗಳಲ್ಲಿ ರಾಗಿ ಬಿತ್ತುತ್ತಾರೆ, ಕಲ್‌ಕಲ್ ಕರಿಯಲು ದಿನ ಗೊತ್ತಾಗುತ್ತದೆ. ನಾಲ್ಕು ಭಾನುವಾರ, ಹೆಚ್ಚೆಂದರೆ 28 ದಿನ, ನೋಡನೋಡುತ್ತಲೇ ಮುಗಿದುಹೋಗುತ್ತದೆ. ಈ ಗಡಿಬಿಡಿಯಲ್ಲೂ ಪೂಜೆಯ ವಾಚನಗಳಿಗೆ ಸ್ವಲ್ಪ ಕಿವಿಗೊಟ್ಟರೆ ಒಂದು ಸಂಗತಿ ಹೊಳೆಯುತ್ತದೆ. ಅಲ್ಲಿ ಬರುವ ಹೆಚ್ಚಿನವರಿಗೆ ದೇವರ ಕರೆ ಬಂದದ್ದು ಸ್ವಲ್ಪವೂ ಅನುಕೂಲವಲ್ಲದ ಹೊತ್ತಿನಲ್ಲಿ. ಕರೆಯ ಪೂರ್ತಿ ನಕ್ಷೆ ಯಾರ ಕೈಗೂ ಸಿಗಲಿಲ್ಲ. ಕಂಡ ಒಂದು ಹೆಜ್ಜೆಯನ್ನು ಇಟ್ಟರು, ಅಷ್ಟೇ. ಹೇಗೆ ಇಟ್ಟರು ಎಂಬುದರಿಂದ ಈ ಸೂತ್ರಗಳು.

1. ಹೆದರಿಕೆ ಹೋಗಲಿ ಎಂದು ಕಾಯಬೇಡಿ

ಲೂಕನ ಮೊದಲ ಅಧ್ಯಾಯದಲ್ಲಿ ದೇವದೂತನನ್ನು ಕಂಡು ಜಕರೀಯ ನಡುಗಿದ. ದೂತನ ಮಾತಿಗೆ ಮರಿಯ ಕಳವಳಗೊಂಡಳು. ಮತ್ತಾಯನ ಶುಭಸಂದೇಶದಲ್ಲಿ ಜೋಸೆಫನಿಗೂ ಅಂಜಬೇಡವೆಂದೇ ಹೇಳಬೇಕಾಯಿತು. ಎದೆ ಡವಗುಟ್ಟಿತೆಂದ ಮಾತ್ರಕ್ಕೆ ಕರೆ ನಿಮಗಲ್ಲ ಎಂದು ತೀರ್ಮಾನಿಸಬೇಡಿ.

2. ಪ್ರಶ್ನೆ ಕೇಳಿ, ಗ್ಯಾರಂಟಿ ಕೇಳಬೇಡಿ

ಮೇಲ್ನೋಟಕ್ಕೆ ಜಕರೀಯನದೂ ಮರಿಯಳದೂ ಒಂದೇ ಪ್ರಶ್ನೆ. ಆದರೆ ಅವನಿಗೆ ಮಾತು ನಿಂತುಹೋಯಿತು, ಅವಳಿಗೆ ವಿವರಣೆ ಸಿಕ್ಕಿತು. ಇದು ಅನ್ಯಾಯವಲ್ಲವೇ ಎಂದು ಯಾರಿಗಾದರೂ ಅನಿಸಬಹುದು. ಸ್ವಲ್ಪ ನಿಧಾನವಾಗಿ ಓದಿ. ವಯಸ್ಸಾದ ಯಾಜಕ, ದೇವಾಲಯದ ಒಳಗೆ ಧೂಪಾರತಿಯ ಸರದಿ ಅವನದು, ಹೊರಗೆ ಜನ ಪ್ರಾರ್ಥಿಸುತ್ತಾ ನಿಂತಿದ್ದಾರೆ. ಮಗುವಿಗಾಗಿ ಬೇಡಿಕೊಂಡವನೂ ಅವನೇ. ಬೇಡಿಕೆ ಕೈಗೂಡುತ್ತದೆ ಎಂದಾಗ ನಂಬಲು ಪುರಾವೆ ಬೇಕೆಂದ. ಮರಿಯ ಗಲಿಲೇಯದ ಒಂದು ಸಣ್ಣ ಊರಿನ ಹುಡುಗಿ. ಆಗುತ್ತದೆಯೋ ಇಲ್ಲವೋ ಎಂದು ಅವಳು ಕೇಳಲಿಲ್ಲ. ಆಗುವ ಬಗೆ ಹೇಗೆ ಎಂದು ಕೇಳಿದಳು. ಉತ್ತರ ಬಂದ ಮೇಲೂ ಅವಳ ಮುಂದೆ ಎಷ್ಟೋ ತೊಡಕು ಹಾಗೆಯೇ ಉಳಿದಿದ್ದವು: ಜೋಸೆಫನಿಗೆ ಏನು ಹೇಳುವುದು, ಊರಿನವರ ಬಾಯಿಗೆ ಏನು ಮಾಡುವುದು. ದೂತ ಅದನ್ನೆಲ್ಲ ಬಿಡಿಸಿ ಹೇಳಲಿಲ್ಲ. ಅಷ್ಟರಲ್ಲೇ ಒಪ್ಪಿಕೊಂಡಳು.

ಹಾಗೆಂದು ಜಕರೀಯನನ್ನು ದೇವರು ಕೈಬಿಡಲಿಲ್ಲ. ಮಗ ಹುಟ್ಟಿದ, ಅಪ್ಪ ಹಲಗೆಯ ಮೇಲೆ ಅವನ ಹೆಸರು ಬರೆದ, ನಾಲಿಗೆ ಸಡಿಲವಾಯಿತು. ನನಗೆ ಕೇಳಿದರೆ ನಿಜವಾಗಿ ಕೆಟ್ಟವನು ಯೆಶಾಯನ ಏಳನೇ ಅಧ್ಯಾಯದ ಆಹಾಜ ರಾಜ. ಗುರುತು ಕೇಳಿಕೋ ಎಂದು ದೇವರೇ ಹೇಳಿದರೂ, ಪ್ರಭುವನ್ನು ಪರೀಕ್ಷಿಸಲಾರೆ ಎಂದು ಭಕ್ತಿಯ ಸೋಗು ಹಾಕಿದ. ಅವನು ನೆಚ್ಚಿಕೊಂಡದ್ದು ಅಸ್ಸೀರಿಯದ ಅರಸನನ್ನು. ಇಂಥ ನಯವಾದ ‘ಬೇಡ’ ನಮ್ಮ ಧರ್ಮಕೇಂದ್ರಗಳಲ್ಲೂ ಕೇಳುತ್ತದೆ: “ಅಷ್ಟು ದೊಡ್ಡ ಸೇವೆಗೆ ನಾನು ಯೋಗ್ಯನಲ್ಲ, ಫಾದರ್.”

3. ಬೆಳಗಾದ ಮೇಲೆ ಮತ್ತೆ ಲೆಕ್ಕ ಹಾಕಬೇಡಿ

ಜೋಸೆಫ ನಿದ್ದೆಯಿಂದ ಎದ್ದ, ಕನಸಿನಲ್ಲಿ ದೂತ ಹೇಳಿದ್ದನ್ನು ಮಾಡಿದ. ನಾಲ್ಕೂ ಶುಭಸಂದೇಶಗಳಲ್ಲಿ ಅವನ ಬಾಯಿಂದ ಬಂದ ಒಂದು ಮಾತೂ ದಾಖಲಾಗಿಲ್ಲ.

4. ರಾಜೀನಾಮೆ ಬರೆಯುವ ಮುನ್ನ ಇರುವ ಕೆಲಸ ನೋಡಿ

ನಾವು ಏನು ಮಾಡಬೇಕು ಎಂದು ಜನ ಸ್ನಾನಿಕ ಯೊವಾನ್ನನನ್ನು ಕೇಳಿದರು. ಅವನೋ ಅಡವಿಯಲ್ಲಿ ಮಿಡತೆ, ಜೇನು ತಿಂದುಕೊಂಡಿದ್ದವನು. ನೀವೂ ಹೀಗೇ ಬನ್ನಿ ಎಂದು ಕರೆಯಬಹುದಿತ್ತು. ಕರೆಯಲಿಲ್ಲ. ಎರಡು ಅಂಗಿ ಇದ್ದವನು ಒಂದನ್ನು ಕೊಡಲಿ, ಸುಂಕದವರು ಗೊತ್ತಾದದ್ದಕ್ಕಿಂತ ಹೆಚ್ಚು ವಸೂಲಿ ಮಾಡದಿರಲಿ, ಸಿಪಾಯಿಗಳು ಯಾರನ್ನೂ ಹೆದರಿಸಿ ಹಣ ಕೀಳದೆ ಸಂಬಳದಲ್ಲಿ ತೃಪ್ತರಾಗಿರಲಿ ಎಂದ. ಕೌಂಟರಿನ ಈಚೆ ನಿಂತವರನ್ನು ಸುಮ್ಮನೆ ಅಲೆಸದಿರುವುದು, ಕೂಲಿಯನ್ನು ಶನಿವಾರವೇ ಕೊಟ್ಟುಬಿಡುವುದು ಕೂಡ ಕರೆಗೆ ಓಗೊಟ್ಟ ಹಾಗೆಯೇ. ಸುವಾರ್ತೆ ಸಾರಲು ದೂರದ ರಾಜ್ಯಕ್ಕೆ ಹೋಗುವ ಕನಸು ಇದಕ್ಕಿಂತ ಸುಲಭ ಎಂದು ನನ್ನ ಗುಮಾನಿ.

5. ತಡವಾಯಿತೆಂದು ಕರೆಯನ್ನೇ ಅನುಮಾನಿಸಬೇಡಿ

ಮದರ್ ತೆರೇಸಾ ಅವರಿಗೆ ಡಾರ್ಜಿಲಿಂಗಿನ ರೈಲಿನಲ್ಲಿ ಎರಡನೇ ಕರೆ ಬಂದದ್ದು 1946ರ ಸೆಪ್ಟೆಂಬರ್ 10ರಂದು. ತಾವು ಸಿಸ್ಟರ್ ಆಗಿದ್ದ ಲೊರೆಟೊ ಕಾನ್ವೆಂಟಿನ ಗೇಟು ದಾಟಿ ಹೊರಬಂದದ್ದು 1948ರ ಆಗಸ್ಟ್ 17ರಂದು. ನಡುವಿನ ಸುಮಾರು ಎರಡು ವರ್ಷ ಅನುಮತಿಗಾಗಿ ಪತ್ರ, ಮೇಲಿನವರ ಪರಿಶೀಲನೆ. ಆಮೇಲೂ ನೇರವಾಗಿ ಕೊಳೆಗೇರಿಗೆ ಹೋಗಲಿಲ್ಲ. ಪಾಟ್ನಾದಲ್ಲಿ ಶುಶ್ರೂಷೆಯ ತರಬೇತಿ ಪಡೆದರು. ಕಲ್ಕತ್ತೆಯ ಕೊಳೆಗೇರಿಗೆ ಸೇವೆಗೆಂದು ಮೊದಲು ಕಾಲಿಟ್ಟದ್ದು ಅದೇ ಡಿಸೆಂಬರ್ 21ರಂದು, ಆಗಮನ ಕಾಲದ ಕೊನೆಯ ವಾರ. ಅವಸರ ಪಟ್ಟಿದ್ದರೆ ಇಂಜೆಕ್ಷನ್ ಕೊಡಲೂ ಬಾರದೆ ಹೋಗಿ ನಿಲ್ಲುತ್ತಿದ್ದರೋ ಏನೋ.

6. ಕೈ ಕಟ್ಟಿಹೋದಾಗ ಉಳಿದದ್ದನ್ನು ಮಾಡಿ, ಸಂಶಯವನ್ನು ಬಚ್ಚಿಡಬೇಡಿ

ಮೆಸ್ಸೀಯನನ್ನು ಬೆರಳು ಮಾಡಿ ತೋರಿಸಿದ್ದ ಯೊವಾನ್ನನೇ ಸೆರೆಮನೆಯಿಂದ ಶಿಷ್ಯರನ್ನು ಕಳಿಸಿ, ಬರಬೇಕಾದವನು ನೀನೇನಾ ಎಂದು ಕೇಳಿಸಿದ. ಯೇಸು ಸಿಟ್ಟಾಗಲಿಲ್ಲ. ಕುರುಡರು, ಕುಂಟರು, ಬಡವರ ಪಾಲಿಗೆ ಏನಾಗುತ್ತಿದೆ ನೋಡಿ ಹೋಗಿ ಹೇಳಿ ಎಂದರು. ಆಮೇಲೆ ಜನರೆದುರು ಯೊವಾನ್ನನನ್ನೇ ಹೊಗಳಿದರು.

1944ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿ ಆಲ್ಫ್ರೆಡ್ ಡೆಲ್ಪ್ ಎಂಬ ಯೇಸುಸಭೆಯ ಗುರು ಇದ್ದರು. ಹಿಟ್ಲರನ ಆಡಳಿತ ಬಿದ್ದ ಮೇಲೆ ಜರ್ಮನಿ ಹೇಗಿರಬೇಕು ಎಂದು ಚರ್ಚಿಸುತ್ತಿದ್ದ ಗುಂಪಿನಲ್ಲಿದ್ದುದೇ ಅವರ ಅಪರಾಧ. ಕೋಳ ತೊಡಿಸಿದ ಕೈಗಳಿಂದಲೇ ಕಾಗದದ ಚೂರುಗಳ ಮೇಲೆ ಆಗಮನ ಕಾಲದ ಧ್ಯಾನಗಳನ್ನು ಬರೆದರು. ಒಗೆಯುವ ಬಟ್ಟೆಯ ಜೊತೆ ಅವು ಗುಟ್ಟಾಗಿ ಹೊರಗೆ ಹೋದವು. ಡಿಸೆಂಬರ್ 8ರಂದು, ಮಾತೆ ಮರಿಯಳ ಹಬ್ಬದ ದಿನ, ಸೆರೆಯಲ್ಲೇ ತಮ್ಮ ಅಂತಿಮ ವ್ರತವನ್ನೂ ಕೈಗೊಂಡರು. 1945ರ ಫೆಬ್ರವರಿ 2ರಂದು ಅವರನ್ನು ಗಲ್ಲಿಗೇರಿಸಿದರು. ವಯಸ್ಸು 37. ಯಶಸ್ಸಿನ ಸೂತ್ರಗಳಲ್ಲಿ ಇವರಿಗೇನು ಕೆಲಸ ಎಂದು ಕೇಳುವವರು ಇದ್ದರೆ, ಆ ಕಾಗದದ ಚೂರುಗಳು ಪುಸ್ತಕವಾಗಿ ಇವತ್ತಿಗೂ ಓದಿಸಿಕೊಳ್ಳುತ್ತಿವೆ ಎಂದಷ್ಟೇ ಹೇಳಬಲ್ಲೆ.

7. ಒಬ್ಬರ ಮನೆಗೆ ಹೋಗಿ

ದೂತ ಹೋದ ಮೇಲೆ ಮರಿಯ ಒಬ್ಬಳೇ ಕೂತು ಕೊರಗಲಿಲ್ಲ. ಜುದೇಯದ ಬೆಟ್ಟದ ಊರಿಗೆ, ನೂರು ಕಿಲೋಮೀಟರಿಗೂ ಹೆಚ್ಚು ದೂರ, ಜಕರೀಯನ ಹೆಂಡತಿ ಎಲಿಜಬೇತಳ ಬಳಿಗೆ ಅವಸರದಿಂದ ಹೋದಳು. ಸುಮಾರು ಮೂರು ತಿಂಗಳು ಅಲ್ಲೇ ಇದ್ದಳು. ನಿಮ್ಮ ಕರೆಯನ್ನು ಕೇಳಿ ನಗದ, ಹೊಗಳಿ ಅಟ್ಟಕ್ಕೂ ಏರಿಸದ ಒಬ್ಬರನ್ನು ಆರಿಸಿಕೊಳ್ಳಿ. ಸಿಸ್ಟರ್ ಆಗಬಹುದು, ಉಪದೇಶಿಗಳು ಆಗಬಹುದು, ಮನೆಯ ಅಜ್ಜಿಯೂ ಆಗಬಹುದು. ವಾಟ್ಸಾಪ್ ಗುಂಪು ಬೇಡ. ಗುರುಗಳ ಹತ್ತಿರ ಮಾತಾಡುವುದಿದ್ದರೆ ಮೊದಲ ವಾರವೇ ಹೋಗಿ. 23, 24ನೇ ತಾರೀಖು ಪಾಪನಿವೇದನೆಯ ಸಾಲು ಬಾಗಿಲ ತನಕ ಬೆಳೆದಿರುತ್ತದೆ, ಅತ್ತ ಗೋದಲಿಯ ಲೈಟು ಹತ್ತುತ್ತಿಲ್ಲವೆಂದು ಯುವಕರು ಅವರನ್ನು ಕೂಗುತ್ತಿರುತ್ತಾರೆ.