ಮನಶ್ಶಾಸ್ತ್ರ ಪದವಿ ವ್ಯಾಸಂಗ: ಸಂಶೋಧನೆಯತ್ತ ಯೋಜಿತ ಹೆಜ್ಜೆಗಳು

ಪುಣೆ ನಗರದ ಉತ್ತರ ಭಾಗದಲ್ಲಿ, ಮುಳಾ ನದಿಯ ಸಮೀಪದಲ್ಲಿರುವ ಖಡಕಿಯು ದಂಡುಪ್ರದೇಶವೆಂದು ಹೆಸರಾಗಿದೆ. 1817ರ ನವೆಂಬರ್ 5ರಂದು ಪೇಶ್ವೆಯ ಸೇನೆಗೂ ಬ್ರಿಟಿಷರಿಗೂ ಕದನ ನಡೆದದ್ದು ಇಲ್ಲಿಯೇ. ಇಂದು ಮದ್ದುಗುಂಡು ಕಾರ್ಖಾನೆ ಮತ್ತು ಸೇನೆಯ ನೆಲೆಗಳು ಇಲ್ಲಿವೆ. ಇದಕ್ಕೆ ಹೊಂದಿಕೊಂಡ ಗಣೇಶಖಿಂಡದಲ್ಲಿ 1949ರಲ್ಲಿ ಸ್ಥಾಪಿತವಾದ ಪುಣೆ ವಿಶ್ವವಿದ್ಯಾನಿಲಯವಿದೆ. 2014ರಿಂದ ಅದು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾನಿಲಯವೆಂಬ ಹೆಸರನ್ನು ಪಡೆದಿದೆ.

ಖಡಕಿಯಂತಹ ಊರಿನಲ್ಲಿ ಬೆಳೆಯುವ ಕನ್ನಡ ಮನೆಯ ಮಗುವು ಮನೆಯಲ್ಲಿ ಕನ್ನಡವನ್ನೂ, ಬೀದಿಯಲ್ಲಿ ಮರಾಠಿಯನ್ನೂ, ತರಗತಿಯಲ್ಲಿ ಇಂಗ್ಲಿಷನ್ನೂ ಬಳಸುತ್ತದೆ. ಇಂತಹ ಮನೆಯಿಂದ ಬಂದ ವಿದ್ಯಾರ್ಥಿಯು ಮನಶ್ಶಾಸ್ತ್ರವನ್ನು ಆರಿಸಿಕೊಂಡಾಗ ಈ ದೈನಂದಿನ ಅನುಭವವೇ ಸಂಶೋಧನೆಯ ವಿಷಯವಾಗಬಲ್ಲದು. ಆದರೆ ಅನುಭವವು ಸಂಶೋಧನೆಯಾಗಬೇಕಾದರೆ ಪದವಿಯ ಮೊದಲ ವರ್ಷದಿಂದಲೇ ಯೋಜನೆ ಅಗತ್ಯ.

ಕನ್ನಡ ನಾಡಿನಲ್ಲಿ ಈ ಶಾಸ್ತ್ರದ ಆರಂಭ

ಜರ್ಮನಿಯ ಲೈಪ್ಜಿಗ್ ನಗರದಲ್ಲಿ ವಿಲ್ಹೆಲ್ಮ್ ವುಂಟ್ 1879ರಲ್ಲಿ ಸ್ಥಾಪಿಸಿದ ಪ್ರಯೋಗಾಲಯದೊಂದಿಗೆ ಪ್ರಾಯೋಗಿಕ ಮನಶ್ಶಾಸ್ತ್ರವು ಸ್ವತಂತ್ರ ಶಾಸ್ತ್ರವಾಯಿತೆಂದು ಪರಿಗಣಿಸಲಾಗಿದೆ. ಭಾರತದಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯವು 1916ರಲ್ಲಿ ಪ್ರತ್ಯೇಕ ವಿಭಾಗವನ್ನು ತೆರೆಯಿತು. ಮೈಸೂರಿನಲ್ಲಿ 1924ರಲ್ಲಿ ಆರಂಭವಾದ ವಿಭಾಗವನ್ನು ಡಾ. ಎಂ. ವಿ. ಗೋಪಾಲಸ್ವಾಮಿಯವರು ಕಟ್ಟಿ ಬೆಳೆಸಿದರು. ಅವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಅಭ್ಯಾಸ ಮಾಡಿದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಅವರೇ. ಅಳೆಯುವ ಶಿಸ್ತು ಮತ್ತು ಜನರನ್ನು ತಲುಪುವ ಉತ್ಸಾಹ ಎರಡೂ ಅವರಲ್ಲಿ ಕೂಡಿದ್ದವು. ಈ ಶಾಸ್ತ್ರದ ವಿದ್ಯಾರ್ಥಿಗೆ ಇಂದಿಗೂ ಇವೆರಡೂ ಬೇಕು.

ಪದವಿಯಿಂದ ದೊರೆಯುವುದೇನು?

ಮನಶ್ಶಾಸ್ತ್ರದ ಪದವಿ ಪಡೆದ ಕೂಡಲೇ ಮನೋರೋಗಿಗಳಿಗೆ ಚಿಕಿತ್ಸೆ ನೀಡಬಹುದೆಂಬ ಭಾವನೆ ಅನೇಕ ಕುಟುಂಬಗಳಲ್ಲಿದೆ. ಇದು ಸರಿಯಲ್ಲ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗಲು ಸ್ನಾತಕೋತ್ತರ ಮಟ್ಟದ ವೃತ್ತಿ ತರಬೇತಿ ಮತ್ತು ಕಾನೂನುಬದ್ಧ ನೋಂದಣಿ ಬೇಕು. ಮೊದಲ ಪದವಿಯು ಕಲಿಸುವುದು ಬೇರೊಂದು ವಿದ್ಯೆಯನ್ನು: ಮನುಷ್ಯನ ವರ್ತನೆಯ ಬಗ್ಗೆ ಪ್ರಶ್ನೆ ಕೇಳುವುದು, ಅದನ್ನು ಅಳೆಯುವುದು, ದೊರೆತ ಉತ್ತರವನ್ನು ಸಂಶಯದಿಂದ ಪರೀಕ್ಷಿಸುವುದು.

ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷಗಳ ಪದವಿಗೆ 120 ಕ್ರೆಡಿಟ್‌ಗಳೂ ನಾಲ್ಕು ವರ್ಷಗಳ ಆನರ್ಸ್ ಪದವಿಗೆ 160 ಕ್ರೆಡಿಟ್‌ಗಳೂ ಬೇಕು. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇಕಡಾ 75 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದವರು ನಾಲ್ಕನೆಯ ವರ್ಷದಲ್ಲಿ ಸಂಶೋಧನಾ ಆನರ್ಸ್ ಮಾರ್ಗವನ್ನು ಆರಿಸಿಕೊಳ್ಳಬಹುದು. ಅದರಲ್ಲಿ 12 ಕ್ರೆಡಿಟ್‌ಗಳ ಸಂಶೋಧನಾ ಪ್ರಬಂಧವಿರುತ್ತದೆ. ಗಮನಿಸಬೇಕಾದ ಅಂಶವೆಂದರೆ, ಈ ಶೇಕಡಾ 75ರ ಲೆಕ್ಕವು ಮೊದಲ ಸೆಮಿಸ್ಟರಿನಿಂದಲೇ ಆರಂಭವಾಗುತ್ತದೆ. ಮೂರನೆಯ ವರ್ಷದಲ್ಲಿ ಸಂಶೋಧನೆಯ ಆಸಕ್ತಿ ಹುಟ್ಟಿದವರಿಗೆ ಹಿಂದಿನ ಅಂಕಗಳನ್ನು ತಿದ್ದಲಾಗದು.

ರಾಜ್ಯದಿಂದ ರಾಜ್ಯಕ್ಕೆ ವ್ಯವಸ್ಥೆ ಭಿನ್ನವಾಗಿದೆ. ಕರ್ನಾಟಕ ಸರ್ಕಾರವು 2024ರಲ್ಲಿ ಮೂರು ವರ್ಷಗಳ ಪದವಿಗೆ ಮರಳಿತು. ಆದ್ದರಿಂದ ಪುಣೆಯಲ್ಲಿ ಓದುವುದೋ ಕರ್ನಾಟಕದಲ್ಲಿ ಓದುವುದೋ ಎಂದು ಯೋಚಿಸುವ ಕುಟುಂಬವು ಪ್ರವೇಶಕ್ಕೆ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಒಳಿತು. ಕಾಲೇಜಿನಲ್ಲಿ ನಾಲ್ಕನೆಯ ವರ್ಷದ ಸಂಶೋಧನಾ ಮಾರ್ಗವಿದೆಯೇ? ಪಿಎಚ್.ಡಿ. ಮಾರ್ಗದರ್ಶನಕ್ಕೆ ಅರ್ಹರಾದ ಅಧ್ಯಾಪಕರಿದ್ದಾರೆಯೇ? ಪ್ರಯೋಗಾಲಯವು ನಿಜವಾಗಿ ಬಳಕೆಯಲ್ಲಿದೆಯೇ? ಸಂಖ್ಯಾಶಾಸ್ತ್ರವನ್ನು ಯಾವ ಸೆಮಿಸ್ಟರಿನಲ್ಲಿ ಬೋಧಿಸಲಾಗುತ್ತದೆ?

ವರ್ಷವಾರು ಸಿದ್ಧತೆ

ಮೊದಲನೆಯ ವರ್ಷದಲ್ಲಿ ಶಾಸ್ತ್ರದ ಮೂಲ ತತ್ತ್ವಗಳೊಂದಿಗೆ ಸಂಖ್ಯಾಶಾಸ್ತ್ರಕ್ಕೆ ಅಡಿಪಾಯ ಹಾಕಬೇಕು. ಕಲಾ ವಿಭಾಗದಿಂದ ಬಂದವರು ಗಣಿತಕ್ಕೆ ಅಂಜುವುದುಂಟು. ಸರಾಸರಿ, ವ್ಯತ್ಯಾಸ, ಸಹಸಂಬಂಧ, ಸಂಭವನೀಯತೆ ಇವುಗಳನ್ನು ಪ್ರೌಢಶಾಲೆಯ ಗಣಿತದ ಬಲದಿಂದಲೇ ಕಲಿಯಲು ಸಾಧ್ಯ. ಆಯ್ಕೆಯ ಉಪವಿಷಯವಾಗಿ ಸಂಖ್ಯಾಶಾಸ್ತ್ರ, ಗಣಕ ವಿಜ್ಞಾನ ಅಥವಾ ಭಾಷಾವಿಜ್ಞಾನವನ್ನು ತೆಗೆದುಕೊಂಡರೆ ಮುಂದೆ ಉಪಯುಕ್ತವಾಗುತ್ತದೆ.

ಎರಡನೆಯ ವರ್ಷವು ವಿಧಾನದ ವರ್ಷ. ಪ್ರಯೋಗ, ಸಮೀಕ್ಷೆ, ವೀಕ್ಷಣೆ ಮತ್ತು ಸಂದರ್ಶನಗಳ ವ್ಯತ್ಯಾಸವನ್ನು ಅರಿತು, ಮೂಲ ಸಂಶೋಧನಾ ಲೇಖನಗಳನ್ನು ಓದುವ ಅಭ್ಯಾಸ ಬೆಳೆಸಬೇಕು. ವಾರಕ್ಕೆ ಒಂದು ಲೇಖನವನ್ನು ಓದಿ, ಅದರ ಪ್ರಶ್ನೆ, ವಿಧಾನ, ಫಲಿತಾಂಶ ಮತ್ತು ದೋಷಗಳನ್ನು ಒಂದು ಪುಟದಲ್ಲಿ ಬರೆದಿಟ್ಟರೆ ವರ್ಷಾಂತ್ಯಕ್ಕೆ ಸುಮಾರು 50 ಲೇಖನಗಳ ಪರಿಚಯವಾಗುತ್ತದೆ. ಆರ್ ಎಂಬ ಉಚಿತ ಗಣಕ ತಂತ್ರಾಂಶವನ್ನು ಈ ವರ್ಷವೇ ಕಲಿಯಬಹುದು.

ಮೂರನೆಯ ವರ್ಷದಲ್ಲಿ ಅಧ್ಯಾಪಕರೊಬ್ಬರ ಸಂಶೋಧನೆಯಲ್ಲಿ ಸಹಾಯಕರಾಗಿ ದುಡಿಯುವುದು, ಸಣ್ಣದೊಂದು ಅಧ್ಯಯನವನ್ನು ಪೂರ್ಣಗೊಳಿಸುವುದು ಗುರಿಯಾಗಬೇಕು. ಪುಣೆಯಲ್ಲಿ ವಿಶ್ವವಿದ್ಯಾನಿಲಯದ ವಿಭಾಗವಲ್ಲದೆ, 1962ರಲ್ಲಿ ಸ್ಥಾಪಿತವಾದ ಜ್ಞಾನ ಪ್ರಬೋಧಿನಿ ಸಂಸ್ಥೆಯೂ ಮನಶ್ಶಾಸ್ತ್ರದ ಸಂಶೋಧನೆಯನ್ನು ನಡೆಸುತ್ತ ಬಂದಿದೆ. ನಾಲ್ಕನೆಯ ವರ್ಷವು ಪ್ರಬಂಧಕ್ಕೆ ಮೀಸಲು.

ಒಂದು ಉದಾಹರಣೆ: ಅಂಕಿಗಳ ನೆನಪು

ಉತ್ತಮ ಸಂಶೋಧನೆಗೆ ದುಬಾರಿ ಯಂತ್ರಗಳೇ ಬೇಕೆಂದಿಲ್ಲ. ಅಂಕಿಗಳ ಸಾಲನ್ನು ಕೇಳಿ ಅದೇ ಕ್ರಮದಲ್ಲಿ ಮರುನುಡಿಯುವ ಪರೀಕ್ಷೆಯು ವೆಕ್ಸ್ಲರ್ ಬುದ್ಧಿಮಾಪನಗಳ ಒಂದು ಭಾಗ. ಎನ್. ಸಿ. ಎಲ್ಲಿಸ್ ಮತ್ತು ಆರ್. ಎ. ಹೆನ್ನೆಲಿ ಎಂಬ ಸಂಶೋಧಕರು 1980ರಲ್ಲಿ ವೆಲ್ಷ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರನ್ನು ಪರೀಕ್ಷಿಸಿದಾಗ, ಅದೇ ವ್ಯಕ್ತಿಗಳು ಇಂಗ್ಲಿಷಿಗಿಂತ ವೆಲ್ಷ್ ಭಾಷೆಯಲ್ಲಿ ಕಡಿಮೆ ಅಂಕಿಗಳನ್ನು ನೆನಪಿಟ್ಟರು. ವೆಲ್ಷ್ ಅಂಕಿಗಳನ್ನು ಉಚ್ಚರಿಸಲು ಹೆಚ್ಚು ಕಾಲ ಹಿಡಿಯುವುದೇ ಇದಕ್ಕೆ ಕಾರಣವೆಂದು ಅವರು ವಿವರಿಸಿದರು. ಅಂದರೆ ವ್ಯತ್ಯಾಸವಿದ್ದುದು ಬುದ್ಧಿಯಲ್ಲಲ್ಲ, ನುಡಿಯ ಉದ್ದದಲ್ಲಿ.

ಇದೇ ಪ್ರಶ್ನೆಯನ್ನು ಖಡಕಿಯ ಕನ್ನಡ ವಿದ್ಯಾರ್ಥಿಯೂ ಕೇಳಬಹುದು. ಕನ್ನಡದಲ್ಲಿ ಒಂದರಿಂದ ಒಂಬತ್ತರವರೆಗಿನ ಹೆಸರುಗಳೆಲ್ಲವೂ ಬರಹದಲ್ಲಿ ಎರಡು ಅಥವಾ ಮೂರು ಅಕ್ಷರಗಳವು. ಮರಾಠಿಯ ಏಕ್, ದೋನ್, ತೀನ್, ಚಾರ್ ಮುಂತಾದವು ಬಹುಪಾಲು ಒಂದೇ ಉಚ್ಚಾರಾಂಶದವು. ಹಾಗಾದರೆ ಎರಡೂ ಭಾಷೆ ಬಲ್ಲವರು ಯಾವುದರಲ್ಲಿ ಹೆಚ್ಚು ನೆನಪಿಡುತ್ತಾರೆ? ಅವಸರದಿಂದ ಉತ್ತರ ಹೇಳುವಂತಿಲ್ಲ. ಆಡುಮಾತಿನಲ್ಲಿ ‘ಮೂರು’ ‘ಮೂರ್’ ಆಗುತ್ತದೆ, ‘ಎರಡು’ ‘ಎರ್ಡ್’ ಆಗುತ್ತದೆ. ಆದ್ದರಿಂದ ಅಕ್ಷರಗಳನ್ನು ಎಣಿಸಿದರೆ ಸಾಲದು. ಉಚ್ಚಾರಣೆಯ ಕಾಲವನ್ನು ಗಡಿಯಾರದಿಂದ ಅಳೆಯಬೇಕು. ಭಾಗವಹಿಸುವವರಲ್ಲಿ ಅರ್ಧದಷ್ಟು ಮಂದಿಗೆ ಮೊದಲು ಕನ್ನಡದಲ್ಲೂ ಉಳಿದವರಿಗೆ ಮೊದಲು ಮರಾಠಿಯಲ್ಲೂ ಪರೀಕ್ಷೆ ನೀಡಬೇಕು. ಇಲ್ಲವಾದರೆ ಅಭ್ಯಾಸದ ಅಥವಾ ದಣಿವಿನ ಪರಿಣಾಮವು ಭಾಷೆಯ ಪರಿಣಾಮದಂತೆ ಕಾಣುತ್ತದೆ. ಶಾಲೆಯಲ್ಲಿ ಲೆಕ್ಕವನ್ನು ಯಾವ ಭಾಷೆಯಲ್ಲಿ ಕಲಿತರೆಂಬುದನ್ನೂ ದಾಖಲಿಸಬೇಕು.

ಇದು ಬರಿಯ ಕುತೂಹಲದ ವಿಷಯವಲ್ಲ. ಒಂದು ಭಾಷೆಯವರಿಂದ ಸಿದ್ಧವಾದ ಮಾನದಂಡವನ್ನು ಇನ್ನೊಂದು ಭಾಷೆಯ ಮಗುವಿಗೆ ಹಾಗೆಯೇ ಅನ್ವಯಿಸಿದರೆ, ಚೂಟಿಯಾದ ಮಗುವೂ ಮಂದಮತಿಯೆನಿಸಿಕೊಳ್ಳುವ ಅಪಾಯವಿದೆ. ಅಮೆರಿಕದ ಪ್ರಮುಖ ಮನಶ್ಶಾಸ್ತ್ರ ಪತ್ರಿಕೆಗಳಲ್ಲಿ ಅಧ್ಯಯನಕ್ಕೊಳಗಾದವರ ಪೈಕಿ ಬಹುದೊಡ್ಡ ಪಾಲು ಪಾಶ್ಚಾತ್ಯ ಕೈಗಾರಿಕಾ ರಾಷ್ಟ್ರಗಳವರೆಂಬುದನ್ನು 2008ರ ಸಮೀಕ್ಷೆಯೊಂದು ತೋರಿಸಿತು. ಆ ಕೊರತೆಯನ್ನು ತುಂಬುವ ಕೆಲಸ ಇಲ್ಲಿನ ವಿದ್ಯಾರ್ಥಿಗಳಿಗೆ ಕಾದಿದೆ.

ನೀತಿ ಮತ್ತು ಪ್ರಾಮಾಣಿಕತೆ

ಮನುಷ್ಯರನ್ನು ಅಧ್ಯಯನ ಮಾಡುವಾಗ ಅವರ ಒಪ್ಪಿಗೆ ಮೊದಲನೆಯದು. ಉದ್ದೇಶವನ್ನು ಅವರ ಭಾಷೆಯಲ್ಲಿ ತಿಳಿಸಬೇಕು, ಯಾವ ಹಂತದಲ್ಲಾದರೂ ಹಿಂದೆ ಸರಿಯುವ ಹಕ್ಕು ಅವರಿಗಿರಬೇಕು, ಹೆಸರು ಗುಟ್ಟಾಗಿರಬೇಕು. ಮಕ್ಕಳಾದರೆ ಪೋಷಕರ ಒಪ್ಪಿಗೆಯೂ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಪ್ರಕಟಿಸಿದ ನೀತಿಸೂತ್ರಗಳು ಈ ವಿಷಯದಲ್ಲಿ ದಾರಿದೀಪವಾಗಿವೆ. ಖಡಕಿಯಲ್ಲಿ ಬೆನ್ನುಹುರಿಯ ಗಾಯದಿಂದ ಅಂಗಸ್ವಾಧೀನ ಕಳೆದುಕೊಂಡ ಯೋಧರ ಪುನರ್ವಸತಿ ಕೇಂದ್ರವಿದೆ. ಅಂತಹ ಕಡೆ ಕುತೂಹಲದಿಂದ ಪ್ರಶ್ನಾವಳಿ ಹಿಡಿದು ಹೋಗುವುದು ಆರಂಭಿಕ ವಿದ್ಯಾರ್ಥಿಗೆ ತಕ್ಕುದಲ್ಲ. ನೋವುಂಡವರ ಅಧ್ಯಯನಕ್ಕೆ ಅನುಭವಿ ಮಾರ್ಗದರ್ಶಕರೂ ನೀತಿ ಸಮಿತಿಯ ಅನುಮತಿಯೂ ಅನಿವಾರ್ಯ.

ಪ್ರಾಮಾಣಿಕತೆ ಇನ್ನೊಂದು ಅಗತ್ಯ. 2015ರಲ್ಲಿ ಸಂಶೋಧಕರ ಅಂತರರಾಷ್ಟ್ರೀಯ ತಂಡವೊಂದು ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಮರಳಿ ನಡೆಸಿದಾಗ, ಸುಮಾರು ಶೇಕಡಾ 36ರಷ್ಟು ಮಾತ್ರ ಸಂಖ್ಯಾಶಾಸ್ತ್ರೀಯವಾಗಿ ಮಹತ್ವದ ಫಲಿತಾಂಶ ನೀಡಿದವು. ಮೂಲ ಅಧ್ಯಯನಗಳಲ್ಲಿ ಆ ಪ್ರಮಾಣ ಶೇಕಡಾ 97 ಆಗಿತ್ತು. ಕಡಿಮೆ ಮಂದಿಯನ್ನು ಪರೀಕ್ಷಿಸುವುದು, ಅನುಕೂಲವಾದ ಫಲಿತಾಂಶವನ್ನಷ್ಟೇ ಪ್ರಕಟಿಸುವುದು ಇಂತಹ ಸ್ಥಿತಿಗೆ ಕಾರಣಗಳಲ್ಲಿ ಸೇರಿವೆ. ಆದುದರಿಂದ ಊಹೆಯನ್ನೂ ವಿಶ್ಲೇಷಣೆಯ ಕ್ರಮವನ್ನೂ ಮಾಹಿತಿ ಸಂಗ್ರಹಕ್ಕೆ ಮೊದಲೇ ಬರೆದಿಡುವ ಪದ್ಧತಿ ಈಗ ಬಳಕೆಗೆ ಬಂದಿದೆ. ನಿರೀಕ್ಷಿಸಿದ ವ್ಯತ್ಯಾಸ ಕಾಣದಿದ್ದರೆ ಹಾಗೆಂದೇ ಬರೆಯುವ ವಿದ್ಯಾರ್ಥಿಯು ಸೋತವನಲ್ಲ. ಶಾಸ್ತ್ರಕ್ಕೆ ಋಜುವಾದ ಸೇವೆ ಸಲ್ಲಿಸಿದವನು.

ಮುಂದಿನ ದಾರಿ

2022ರ ಪಿಎಚ್.ಡಿ. ನಿಯಮಗಳ ಅನ್ವಯ, ನಾಲ್ಕು ವರ್ಷಗಳ ಪದವಿಯಲ್ಲಿ ಶೇಕಡಾ 75 ಅಂಕ ಪಡೆದವರು ನೇರವಾಗಿ ಪಿಎಚ್.ಡಿ. ಪ್ರವೇಶಕ್ಕೆ ಅರ್ಜಿ ಸಲ್ಲಿಸಬಹುದು. ಉಳಿದವರಿಗೆ ಸ್ನಾತಕೋತ್ತರ ಪದವಿಯ ಮಾರ್ಗವಿದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಂತಹ ಕೇಂದ್ರಗಳು ಮನಸ್ಸು ಮತ್ತು ಭಾಷೆಯ ಕುರಿತ ಆಸಕ್ತಿಗೆ ಪೋಷಕವಾಗಿವೆ. ಶಿಕ್ಷಣ, ಸಮೀಕ್ಷೆ, ಸಾರ್ವಜನಿಕ ಆರೋಗ್ಯ ಮುಂತಾದ ಕ್ಷೇತ್ರಗಳಲ್ಲೂ ಮಾಹಿತಿಯನ್ನು ವಿಶ್ಲೇಷಿಸಬಲ್ಲವರಿಗೆ ಕೆಲಸವಿದೆ.

ಪಾಲಕರು ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸುವ ದಿನ ‘ಈ ಪದವಿಯಿಂದ ಯಾವ ಕೆಲಸ ಸಿಗುತ್ತದೆ’ ಎಂದು ಕೇಳುವುದು ಸಹಜ. ಅದರ ಜೊತೆಗೆ ‘ಯಾವ ಪ್ರಶ್ನೆಗೆ ಉತ್ತರ ಹುಡುಕಲು ಹೊರಟಿರುವೆ’ ಎಂದೂ ಕೇಳಲಿ. ಆ ಪ್ರಶ್ನೆ ಸ್ಪಷ್ಟವಾಗಿದ್ದರೆ, ಯಾವ ವರ್ಷ ಏನನ್ನು ಕಲಿಯಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.